ಅಗಸ್ತ್ಯನಿರುವ ನಕ್ಷತ್ರ ಚಕ್ರವನ್ನೇ ಕೊಳ್ಳಿ

ಯಾವ ಹೊತ್ತಿಗೆ ಆಕಾಶದಲ್ಲಿ ಯಾವ ನಕ್ಷತ್ರ ಎಂದು ತೋರಿಸುವ, ಕೈಯಲ್ಲಿ ತಿರುಗಿಸುವ ನಕ್ಷತ್ರ ಚಕ್ರ ಕೊಳ್ಳುವವರು ಬೆಲೆಗಿಂತ ಮೊದಲು ಅದರ ಮೇಲೆ ಬರೆದ ಅಕ್ಷಾಂಶ ನೋಡಿ. ಅಮೆರಿಕದಲ್ಲಿರುವ ನನ್ನ ಭಾವಮೈದ ಮಗಳಿಗೆ ಒಂದು ಕಳಿಸಿದ್ದ. ಅಂದವಾಗಿದೆ, ಆದರೆ 40ರಿಂದ 50 ಡಿಗ್ರಿ ಉತ್ತರಕ್ಕೆ ಮಾಡಿದ್ದು. ಅದರಲ್ಲಿ ದಕ್ಷಿಣದ ತ್ರಿಶಂಕು ಪುಂಜ ಇಲ್ಲ, ಅಗಸ್ತ್ಯ ನಕ್ಷತ್ರವೂ ಇಲ್ಲ! ವಿಂಧ್ಯವನ್ನು ಬಗ್ಗಿಸಿ ದಕ್ಷಿಣಕ್ಕೆ ಬಂದವನು ಅಲ್ಲಿನವರಿಗೆ ಕಾಣುವುದೇ ಇಲ್ಲ, ಪಾಪ. ನಮ್ಮ ಅರಸೀಕೆರೆ ಇರುವುದು 13 ಡಿಗ್ರಿಯಲ್ಲಿ. ಅದಕ್ಕೆ ದಕ್ಷಿಣ ಭಾರತಕ್ಕೆಂದೇ ಮಾಡಿದ ಇನ್ನೊಂದನ್ನು ತರಿಸಿದೆ.

ಒಳಗಿನ ಹಾಳೆಯ ಅಂಚಿನಲ್ಲಿ ತಾರೀಖು, ಮೇಲಿನದರಲ್ಲಿ ಗಂಟೆ. ಎರಡನ್ನೂ ಹೊಂದಿಸಿದರೆ ಕಿಂಡಿಯಲ್ಲಿ ಆ ಹೊತ್ತಿನ ಆಕಾಶ. ತಲೆಯ ಮೇಲೆ ಎತ್ತಿ ಹಿಡಿದೇ ನೋಡಬೇಕು. ಗಡಿಯಾರದ ಹೊತ್ತಿನಲ್ಲಿ ಸುಮಾರು 25 ನಿಮಿಷ ಕಳೆಯಿರಿ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ. ಜೊತೆಗೆ ಬಂದ ಚೀಟಿಯಲ್ಲಿ ಈ ವಿಷಯವೇ ಇಲ್ಲ.

ದಕ್ಷಿಣದ ಅಂಚಿಗೆ ಹೋದಂತೆ ಚಿತ್ರ ಜಗ್ಗಿದೆ. 88 ಪುಂಜಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ತ್ರಿಶಂಕು. ಇಲ್ಲಿ ಅದು ಅಡ್ಡಡ್ಡ ಹರಡಿಕೊಂಡಿದೆ. ಮೇ ತಿಂಗಳಲ್ಲಿ ಮಗಳು ತೆಂಗಿನ ಮರಗಳ ಸಂದಿಯಲ್ಲಿ ಅಷ್ಟಗಲದ್ದನ್ನೇ ಹುಡುಕುತ್ತಾ ನಿಂತಿದ್ದಳು. ಗುಂಡಗಿನ ಆಕಾಶವನ್ನು ಚಪ್ಪಟೆ ಹಾಳೆಗೆ ಇಳಿಸಿದರೆ ಹೀಗೇ ಆಗುವುದು, ಅಲ್ವಾ?

ಹೆಸರೆಲ್ಲ ಇಂಗ್ಲಿಷಿನವು. ಓರಿಯನ್ ಮೇಲೆ ನಾನೇ ಮಾರ್ಕರ್‌ನಲ್ಲಿ ಮೃಗಶಿರ, ಆರಿದ್ರಾ ಅಂತ ಬರೆದೆ. ಗ್ರೀಕರ ಬೇಟೆಗಾರನ ಸೊಂಟಪಟ್ಟಿಯ ಮೂರು ಚುಕ್ಕಿ ನಮ್ಮ ಕಥೆಯಲ್ಲಿ ಜಿಂಕೆಗೆ ನಾಟಿದ ಬಾಣ. ಆ ಮೂರರ ಗೆರೆ ಹಿಡಿದು ಒಂದು ಕಡೆ ಹೋದರೆ ಬಾಣ ಬಿಟ್ಟ ಲುಬ್ಧಕ ಸಿಗುತ್ತಾನೆ. ಇನ್ನೊಂದು ಕಡೆ ಹೋದರೆ ಜಿಂಕೆ ಅಟ್ಟಿಸಿಕೊಂಡು ಹೊರಟಿದ್ದ ರೋಹಿಣಿ. ಇಷ್ಟು ಹೇಳಿದ ಮೇಲೆ ಮಗಳಿಗೆ ಆ ಭಾಗಕ್ಕೆ ಚಕ್ರವೇ ಬೇಕಾಗಲಿಲ್ಲ. ತಯಾರಿಸಿದವರು ಹಿಂಬದಿಯಲ್ಲಿ ಈ ಕಥೆ ಹಾಕಬಹುದಿತ್ತು. ಸುಮ್ನೆ ಜಾಗ ಖಾಲಿ ಬಿಟ್ಟಿದ್ದಾರೆ.

ಅಮ್ಮ ಇದನ್ನು ಹಗಲಲ್ಲೇ ಬಳಸುತ್ತಾಳೆ. ಜೂನ್ ಎರಡನೇ ವಾರವನ್ನು ಮಧ್ಯಾಹ್ನ 12ಕ್ಕೆ ಹೊಂದಿಸಿದರೆ ನೆತ್ತಿಯ ಹತ್ತಿರ ಬರುವುದು ಮೃಗಶಿರ. ಸೂರ್ಯ ಅಲ್ಲಿರುವುದರಿಂದಲೇ ಆಗ ಮೃಗಶಿರ ಮಳೆ. ನಕ್ಷತ್ರ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಪಂಚಾಂಗಕ್ಕೂ ಇದಕ್ಕೂ ತಾಳೆಯಾಯಿತು ಎಂದು ಅವಳಿಗೆ ಜಾಸ್ತಿ ಖುಷಿ.

ಗುರು, ಶುಕ್ರ ಜಾಗ ಬದಲಿಸುತ್ತಿರುವುದರಿಂದ ಯಾವ ಚಕ್ರದಲ್ಲೂ ಇರುವುದಿಲ್ಲ. ಚಕ್ರದಲ್ಲಿಲ್ಲದ ದೊಡ್ಡ ಚುಕ್ಕಿ ಕಂಡರೆ ಗ್ರಹವಿರಬೇಕು ಅಂದುಕೊಳ್ಳಿ. ರಟ್ಟಿನದು ತಗೋಬೇಡಿ, ಡಿಸೆಂಬರಿನ ಇಬ್ಬನಿಗೆ ಉಬ್ಬುತ್ತದೆ. ನನ್ನದು ಪ್ಲಾಸ್ಟಿಕ್ಕಿನದು, ಒರೆಸಿದರೆ ಆಯಿತು.