ಮೂರು ಮಳೆಗಾಲ ಕಂಡ ಸೈಲೆನ್ಸರ್: ನನ್ನ ಹಿಮಾಲಯನ್ 411ರ ಅನುಭವ

ನನ್ನದು 2018ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್. ಮನೆ ಉಡುಪಿಯ ಕಲ್ಮಾಡಿಯಲ್ಲಿ, ಮಲ್ಪೆ ಕಡಲಿಗೆ ಹತ್ತಿರ. ಎರಡೂ ಬದಿಗೆ ಬ್ಯಾಗ್, ಹಿಂದೆ ಟಾಪ್ ಬಾಕ್ಸ್, ಎತ್ತರದ ವಿಂಡ್‌ಶೀಲ್ಡ್, ಕ್ರ್ಯಾಶ್ ಗಾರ್ಡ್ ಎಲ್ಲ ದೂರದ ಓಡಾಟಕ್ಕಂತಲೇ ಹಾಕಿಸಿದ್ದು. ಈಗಿರುವ ಸ್ಲಿಪ್-ಆನ್ ಸೈಲೆನ್ಸರ್ (ಹಿಂದಿನ ಭಾಗ ಮಾತ್ರ ಬದಲಾಯಿಸುವಂಥದ್ದು) ಕೂರಿಸಿ ಮೂರು ಮಳೆಗಾಲ ಆಯಿತು, 26 ಸಾವಿರ ಕಿ.ಮೀ. ಓಡಿದೆ. ಇದು ನನ್ನ ಎರಡನೇ ಪೈಪ್. ಮೊದಲನೆಯದರ ಕತೆ ಹೇಳದೆ ಇದರ ಬೆಲೆ ಗೊತ್ತಾಗುವುದಿಲ್ಲ.

ಅದನ್ನು ನಾನು ತೆಗೆದುಕೊಂಡದ್ದು ಬರೀ ಶಬ್ದ ಕೇಳಿ. ಅಂಗಡಿಯವರು ಒಂದು ನಿಮಿಷ ಸ್ಟಾರ್ಟ್ ಮಾಡಿ ತೋರಿಸಿದರು. ಗಟ್ಟಿ ದನಿ, ಮನಸ್ಸಿಗೆ ಹಿಡಿಸಿತು. 4,500 ರೂಪಾಯಿ ಕೊಟ್ಟು ಬಂದೆ. ಮುಂದಿನ ವಾರ ಹೆಂಡತಿಯನ್ನು ಕೂರಿಸಿಕೊಂಡು ಸಕಲೇಶಪುರಕ್ಕೆ ಹೊರಟೆ. ಈ ಗಾಡಿಯಲ್ಲಿ ದೂರ ಹೋಗುವಾಗ 80ರ ಆಸುಪಾಸಿನಲ್ಲೇ ಗಂಟೆಗಟ್ಟಲೆ ಓಡಿಸುವುದು ಅಲ್ವಾ? ಆ ಪೈಪ್ ಸರಿಯಾಗಿ ಅದೇ ವೇಗದಲ್ಲಿ ಗುಂಯ್ ಅಂತ ಹೆಲ್ಮೆಟ್ ಒಳಗೆ ತುಂಬಿಕೊಳ್ಳುತ್ತಿತ್ತು. 70ಕ್ಕೆ ಇಳಿಸಿದರೆ ಕಡಿಮೆ, 80ಕ್ಕೆ ಬಂದರೆ ಮತ್ತೆ ಶುರು. ಉಪ್ಪಿನಂಗಡಿ ದಾಟುವಾಗ ಅವಳು ಬೆನ್ನು ತಟ್ಟಿ, "ಒಮ್ಮೆ ನಿಲ್ಸಿ, ತಲೆ ಸಿಡಿತಾ ಉಂಟು" ಅಂದಳು. ಶಿರಾಡಿ ಘಾಟಿ ಇನ್ನೂ ಮುಂದಿತ್ತು.

ಎರಡನೇ ಪೆಟ್ಟು ಮರವಂತೆಯಲ್ಲಿ. ಗೋಕರ್ಣಕ್ಕೆ ಹೋಗುವಾಗ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ಒಳ್ಳೆ ಗಾಳಿ. ಆ ಗಾಳಿಯಲ್ಲೂ ಪ್ಲಾಸ್ಟಿಕ್ ಸುಟ್ಟ ವಾಸನೆ. ನಿಲ್ಲಿಸಿ ನೋಡಿದರೆ ಬಲಬದಿ ಬ್ಯಾಗಿನ ರೈನ್ ಕವರ್ ಕರಗಿ ಪೈಪಿಗೆ ಅಂಟಿಕೊಂಡಿದೆ, ಬ್ಯಾಗಿನ ತಳ ಕಂದು ಬಣ್ಣಕ್ಕೆ ತಿರುಗಿದೆ. ಹಿಮಾಲಯನ್‌ನಲ್ಲಿ ಸೈಲೆನ್ಸರ್ ಬಲಬದಿಯಲ್ಲಿ ಮೇಲಕ್ಕೆ ಏರಿಕೊಂಡಿದೆ, ಬ್ಯಾಗ್ ಬರುವುದು ಅದರ ಮೇಲೆಯೇ. ಕಂಪನಿ ಸೈಲೆನ್ಸರಿಗೆ ಶಾಖ ತಡೆಯುವ ತಗಡು ಉಂಟು. ನಾನು ಕೊಂಡದ್ದಕ್ಕೆ ಇರಲಿಲ್ಲ. ಅಂಗಡಿಯಲ್ಲಿ ಬ್ಯಾಗ್ ಇಲ್ಲದ ಗಾಡಿಗೆ ಕೂರಿಸಿ ನೋಡಿದ್ದರಿಂದ ಈ ವಿಷಯ ಯಾರ ತಲೆಗೂ ಬರಲಿಲ್ಲ. ಆ ಮಳೆಗಾಲ ಮುಗಿಯುವಷ್ಟರಲ್ಲಿ ವೆಲ್ಡಿಂಗ್ ಗೆರೆಯ ಉದ್ದಕ್ಕೂ ತುಕ್ಕು ಹಿಡಿದು, ಬೆರಳಲ್ಲಿ ಒತ್ತಿದರೆ ಪುಡಿ ಉದುರತೊಡಗಿತು. ಸ್ಟೇನ್‌ಲೆಸ್ ಅಂತ ಹೇಳಿ ಕೊಟ್ಟದ್ದು, ಅಯಸ್ಕಾಂತ ಇಟ್ಟರೆ ಟಪ್ ಅಂತ ಹಿಡಿಯಿತು.

ಎರಡನೇ ಸಲ ಹೋದಾಗ ಜೇಬಲ್ಲಿ ಅಯಸ್ಕಾಂತ ಇತ್ತು. 304 ದರ್ಜೆಯ ಸ್ಟೇನ್‌ಲೆಸ್ ಅದಕ್ಕೆ ಹೆಚ್ಚುಕಡಿಮೆ ಅಂಟುವುದೇ ಇಲ್ಲ, ಬಾಗಿಸಿದ ಜಾಗದಲ್ಲಿ ಸ್ವಲ್ಪ ಎಳೆಯಬಹುದು ಅಷ್ಟೆ. ಸಾದಾ ಕಬ್ಬಿಣಕ್ಕೂ 409 ಸ್ಟೀಲಿಗೂ ಗಟ್ಟಿಯಾಗಿ ಹಿಡಿಯುತ್ತದೆ. ಬಯಲುಸೀಮೆಯವರಿಗೆ 409 ಸಾಕಾಗಬಹುದು. ನಮ್ಮ ಉಪ್ಪುಗಾಳಿಗೆ 304ಕ್ಕಿಂತ ಕೆಳಗಿನದ್ದು ಬೇಡ. ಅದಾದರೂ ವೆಲ್ಡಿಂಗ್ ನೋಡಲೇಬೇಕು. ಆರ್ಗನ್ ವೆಲ್ಡಿಂಗ್ ನೀಟಾಗಿ, ನಾಣ್ಯ ಸಾಲಾಗಿ ಮಲಗಿಸಿದ ಹಾಗೆ ಕಾಣುತ್ತದೆ. ಕಪ್ಪು ಗಂಟು ಗಂಟಾಗಿದ್ದರೆ ತುಕ್ಕು ಶುರುವಾಗುವುದು ಅಲ್ಲಿಂದಲೇ.

ನನ್ನ ಬ್ಯಾಗ್‌ಗಳನ್ನು ತುಂಬಿಸಿ, ಕಟ್ಟಿಕೊಂಡೇ ಹೋಗಿದ್ದೆ. ಪೈಪಿಗೂ ಬ್ಯಾಗಿಗೂ ನಡುವೆ ನಾಲ್ಕು ಬೆರಳು ಜಾಗ ಬಿಡಿಸಿ, ನಡುವೆ ಒಂದು ತಗಡು ಕೂರಿಸಿಕೊಟ್ಟರು. ಡಿಬಿ ಕಿಲ್ಲರ್ (ಶಬ್ದ ತಗ್ಗಿಸಲು ಪೈಪಿನ ಬಾಯಿಗೆ ಹಾಕುವ ತುಂಡು) ತೆಗೆದು ಒಮ್ಮೆ, ಹಾಕಿ ಒಮ್ಮೆ ಓಡಿಸಿದೆ. ಹಾಕಿದಾಗ 80ರಲ್ಲಿ ಗುಂಯ್ ಇಲ್ಲ, ಎಕ್ಸಲರೇಟರ್ ತಿರುಗಿಸಿದಾಗ ಮಾತ್ರ ಎಂಜಿನ್ ದನಿ ಕೇಳುತ್ತದೆ. ಅದೇ ಸಾಕು ಅಂದೆ. ಎಲ್ಲ ಸೇರಿ 13,500 ರೂಪಾಯಿ. ಮೂರು ವರ್ಷದಲ್ಲಿ ಆ ಡಿಬಿ ಕಿಲ್ಲರ್ ಒಂದು ದಿನವೂ ಹೊರಗೆ ಬಂದಿಲ್ಲ. ಮುಂಜಾನೆ ನಾಲ್ಕಕ್ಕೆ ಹೊರಟರೆ ಪಕ್ಕದ ಮನೆಯ ಅಜ್ಜಿಗೆ ಎಚ್ಚರ ಆಗುವುದಿಲ್ಲ. ನನಗೆ ಇದು ದೊಡ್ಡ ವಿಷಯ.

ಕಾನೂನಿನ ಮಾತೂ ಹೇಳಬೇಕು. 175 ಸಿಸಿ ಮೇಲ್ಪಟ್ಟ ಬೈಕುಗಳಿಗೆ ತಯಾರಿಯ ಹಂತದಲ್ಲಿ ಇರುವ ಶಬ್ದದ ಮಿತಿ 80 ಡೆಸಿಬಲ್. ಶಬ್ದ ಮಾಲಿನ್ಯಕ್ಕೆ ಮೋಟಾರು ವಾಹನ ಕಾಯ್ದೆಯ ಕಲಂ 190(2) ಉಂಟು. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಮೇಲಿಂದ ಮೂರು ತಿಂಗಳು ಲೈಸೆನ್ಸ್ ಇಲ್ಲ. ಪೈಪ್ ಮೆತ್ತಗಿದ್ದರೂ ಬದಲಾಯಿಸಿದ್ದು ಬದಲಾಯಿಸಿದ್ದೇ, ಪೊಲೀಸರು ಕೇಳಬಹುದು. ಕಂಪನಿ ಸೈಲೆನ್ಸರನ್ನು ಎಣ್ಣೆ ಒರೆಸಿ, ಗೋಣಿ ಸುತ್ತಿ ಅಟ್ಟದಲ್ಲಿ ಇಟ್ಟಿದ್ದೇನೆ. ಸುಮ್ನೆ ಗುಜರಿಗೆ ಹಾಕಬೇಡಿ.

ಪಿಕಪ್ ಜಾಸ್ತಿ ಆಯ್ತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಬೆಂಡ್ ಪೈಪ್ (ಎಂಜಿನ್ನಿಂದ ಸೈಲೆನ್ಸರಿಗೆ ಬರುವ ಪೈಪ್) ಮತ್ತು ಆಕ್ಸಿಜನ್ ಸೆನ್ಸರ್ ಮುಟ್ಟಿಲ್ಲ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಮುಟ್ಟಿಲ್ಲ, ಹಾಗಾಗಿ ಆಗಬೇಕಾಗಿಯೂ ಇಲ್ಲ. ಆಗುಂಬೆಯ 14 ತಿರುವು ಮೊದಲು ಹತ್ತುತ್ತಿದ್ದ ಹಾಗೆಯೇ ಹತ್ತುತ್ತದೆ. ಮೈಲೇಜ್ ಮೊದಲಿನಷ್ಟೇ, ಲೀಟರಿಗೆ 30ರ ಹತ್ತಿರ. ಬಂದ ಲಾಭ ತೂಕದ್ದು. ಕಂಪನಿಯದ್ದನ್ನು ಎರಡು ಕೈಯಲ್ಲಿ ಹಿಡಿಯಬೇಕು, ಇದು ಒಂದು ಕೈಯಲ್ಲಿ ಬರುತ್ತದೆ. ಲೋಡ್ ಹಾಕಿದ ಗಾಡಿಯನ್ನು ಸ್ಟ್ಯಾಂಡಿನಿಂದ ಎತ್ತುವಾಗ ಆ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ.

ತೊಂದರೆಯೂ ಬಂದಿದೆ. ಮೊದಲ ಮಳೆಗಾಲದಲ್ಲೇ ಕ್ಲ್ಯಾಂಪಿನ ಬೋಲ್ಟ್ ತುಕ್ಕು ಹಿಡಿಯಿತು. ಪೈಪ್ ಸ್ಟೇನ್‌ಲೆಸ್, ಬೋಲ್ಟ್ ಸಾದಾ ಕಬ್ಬಿಣ. ಸ್ಟೇನ್‌ಲೆಸ್ ಬೋಲ್ಟ್ ಹಾಕಿಸಿ, ಅದು ಕಚ್ಚಿಕೊಳ್ಳದ ಹಾಗೆ ತಾಮ್ರದ ಗ್ರೀಸ್ ಹಚ್ಚಿಸಿದೆ. ಎರಡನೇ ವರ್ಷ ಎಕ್ಸಲರೇಟರ್ ಬಿಟ್ಟಾಗ ಪಟ್ ಪಟ್ ಅನ್ನತೊಡಗಿತು. ಎಂಜಿನ್ನೇ ಕೆಟ್ಟಿತು ಅಂತ ಹೆದರಿದ್ದೆ. ಕುಂಜಿಬೆಟ್ಟಿನ ಮೆಕ್ಯಾನಿಕ್ ಸಾಬೂನು ನೀರು ಹಚ್ಚಿ ನೋಡಿ, "ಅಣ್ಣಾ, ಎಂತ ಇಲ್ಲ, ಗ್ಯಾಸ್ಕೆಟ್ ಹೋಗಿದೆ" ಅಂದ. ಗ್ಯಾಸ್ಕೆಟ್ ಅಂದರೆ ಪೈಪಿನ ಜೋಡಣೆಯ ಸಂದಿ ಮುಚ್ಚುವ ಬಿಲ್ಲೆ. ಆ ಸಂದಿಯಿಂದ ಒಳಗೆ ಗಾಳಿ ಎಳೆದುಕೊಂಡರೆ, ಉರಿಯದೆ ಉಳಿದ ಪೆಟ್ರೋಲ್ ಪೈಪಿನೊಳಗೆ ಉರಿದು ಆ ಸದ್ದು ಬರುತ್ತದೆ. 180 ರೂಪಾಯಿಯಲ್ಲಿ ಮುಗಿಯಿತು.

ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಮಳೆಗಾಲದಲ್ಲಿ ಬರೀ ಹಾಲು, ಮೀನು ತರಲು ಎರಡು ಕಿ.ಮೀ. ಓಡಿಸಿದರೆ ಪೈಪ್ ಪೂರ್ತಿ ಕಾಯುವುದಿಲ್ಲ, ನೀರು ಒಳಗೇ ನಿಂತು, ಶಬ್ದ ಹೀರಲು ತುಂಬಿಸಿದ ಗ್ಲಾಸ್ ವೂಲ್ ಒದ್ದೆಯಾಗುತ್ತದೆ. ವಾರಕ್ಕೊಮ್ಮೆ ಕಾಪುವರೆಗೆ ಹೋಗಿ ಬರುತ್ತೇನೆ, ಒಳಗಿನ ನೀರು ಆರುತ್ತದೆ. ಬೀಚಿಗೆ ಹೋಗಿ ಬಂದರೆ ಪೈಪ್ ತಣಿದ ಮೇಲೆ ಬಾವಿ ನೀರಲ್ಲಿ ತೊಳೆಯುತ್ತೇನೆ. ಇಷ್ಟು ಮಾಡಿದರೂ ಈಗ ಶಬ್ದ ಮೊದಲಿಗಿಂತ ತುಸು ಹರಿತವಾಗಿದೆ, ಗ್ಲಾಸ್ ವೂಲ್ ಸವೆದಿರಬೇಕು. ಮುಂದಿನ ಮಳೆ ಶುರುವಾಗುವ ಮೊದಲು ಬಿಚ್ಚಿ ಹೊಸದು ತುಂಬಿಸಬೇಕು, ಮೇ ಮೊದಲ ವಾರಕ್ಕೆ ಮೆಕ್ಯಾನಿಕ್ ಹತ್ತಿರ ಹೇಳಿಟ್ಟಿದ್ದೇನೆ.