ಐಎಸ್‌ಎಲ್ 2024-25: ಪೂರ್ತಿ ಸೀಸನ್ ಬಳಸಿದ ಮೇಲೆ ಹೇಳಬಹುದಾದ್ದು

ಮೈದಾನದ ಆಟಕ್ಕೆ 5ಕ್ಕೆ 4, ಪ್ರಸಾರಕ್ಕೆ 3, ವೇಳಾಪಟ್ಟಿಗೆ 2, ವಾರಂಟಿಗೆ, ಅಂದರೆ ಮುಂದಿನ ಸೀಸನ್ ನಡೆಯುತ್ತದೆಂಬ ಖಾತ್ರಿಗೆ, ಸೊನ್ನೆ.

ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಅನ್ನುವ ಈ ಫುಟ್‌ಬಾಲ್ ಸರಕಿನ ಡಬ್ಬಿಯ ಮೇಲೆ ಒಂದೇ ಹೆಸರಿದ್ದರೂ ಒಳಗಿರುವುದು ಎರಡು ಸರಕು. ಇದು ಗೊತ್ತಿಲ್ಲದೆ ತೆಗೆದುಕೊಂಡವರೇ ಕೊನೆಗೆ ಬೈದುಕೊಳ್ಳುವುದು. 2024ರ ಸೆಪ್ಟೆಂಬರ್ 13ರಿಂದ ಮುಂದಿನ ಮಾರ್ಚ್ ಎರಡನೇ ವಾರದವರೆಗೆ ನಡೆದದ್ದು ಲೀಗ್: 13 ತಂಡ, ತಲಾ 24 ಪಂದ್ಯ, ಒಟ್ಟು 156. ಮಾರ್ಚ್ 29ರಿಂದ ಏಪ್ರಿಲ್ 12ರವರೆಗೆ ನಡೆದದ್ದು ಬೇರೆಯದೇ ಸ್ಪರ್ಧೆ: 6 ತಂಡ, 7 ಪಂದ್ಯ. ಮೊದಲನೆಯದನ್ನು ಗೆದ್ದವರಿಗೆ ಶೀಲ್ಡ್, ಎರಡನೆಯದನ್ನು ಗೆದ್ದವರಿಗೆ ಕಪ್. ಏಷ್ಯಾ ಮಟ್ಟದ ಟೂರ್ನಿಗೆ ದಾರಿ ತೆರೆಯುವುದು ಶೀಲ್ಡ್. ಚಾಂಪಿಯನ್ ಅನ್ನಿಸಿಕೊಳ್ಳುವುದು ಕಪ್ ಎತ್ತಿದವರು. ಬಹುಮಾನವೂ ಶೀಲ್ಡಿಗೆ 3.5 ಕೋಟಿ, ಕಪ್ಪಿಗೆ 6 ಕೋಟಿ. ಆರು ತಿಂಗಳ ಬೇಸಾಯಕ್ಕಿಂತ ಹದಿನೈದು ದಿನದ ಜಾತ್ರೆಗೇ ಇಲ್ಲಿ ಬೆಲೆ ಜಾಸ್ತಿ.

ಈ ಸಲ ಎರಡನ್ನೂ ಮೋಹನ್ ಬಗಾನ್ ಒಯ್ದದ್ದರಿಂದ ಗೊಂದಲ ಅಷ್ಟಾಗಿ ಕಾಣಲಿಲ್ಲ. 17 ಗೆಲುವು, 5 ಡ್ರಾ, 2 ಸೋಲು, 56 ಅಂಕ. ಆ ಎರಡು ಸೋಲು ಬಂದದ್ದು ಬೆಂಗಳೂರು ಮತ್ತು ಗೋವಾ ತಂಡಗಳಿಂದ. ಫೆಬ್ರವರಿ 23ರಂದು ಒಡಿಶಾ ವಿರುದ್ಧ ಹೆಚ್ಚುವರಿ ನಿಮಿಷಗಳಲ್ಲಿ ಡಿಮಿಟ್ರಿ ಪೆಟ್ರಾಟೋಸ್ ಹೊಡೆದ ಒಂದೇ ಗೋಲು ಶೀಲ್ಡನ್ನು ಖಾತ್ರಿ ಮಾಡಿತು. ಆಮೇಲೆ ಮೊದಲ ಸ್ಥಾನದಲ್ಲಿ ಕುತೂಹಲವೇನೂ ಉಳಿಯಲಿಲ್ಲ. ಹಾಗಾಗಿ ಈ ಸರಕನ್ನು ಬಳಸುವ ಸರಿಯಾದ ಕ್ರಮವೆಂದರೆ, ಜನವರಿ ದಾಟಿದ ಮೇಲೆ ಅಂಕಪಟ್ಟಿಯ ತುದಿಯನ್ನು ಬಿಟ್ಟು ಆರನೇ ಸಾಲಿನ ಮೇಲೆ ಕಣ್ಣಿಡುವುದು. ಮೊದಲ ಎರಡು ತಂಡ ನೇರ ಸೆಮಿಫೈನಲ್‌ಗೆ. 3ನೆಯದು 6ನೆಯದರ ಮೇಲೆ, 4ನೆಯದು 5ನೆಯದರ ಮೇಲೆ ಒಂದೇ ಪಂದ್ಯ, ಅದೂ ಮೇಲಿನವರ ತವರಿನಲ್ಲಿ. 36 ಅಂಕದೊಂದಿಗೆ ಮುಂಬೈ ಒಳಬಂದದ್ದು ತನ್ನ ಕೊನೇ ಲೀಗ್ ಪಂದ್ಯದಲ್ಲಿ, ಮಾರ್ಚ್ 11ರಂದು ಕಂಠೀರವದಲ್ಲಿ ಬೆಂಗಳೂರನ್ನು 2-0ಯಿಂದ ಸೋಲಿಸಿ. ಕೆಳಗಿನ ತುದಿಯಲ್ಲಿ ಮಾತ್ರ ನೋಡಲು ಏನೂ ಇರಲಿಲ್ಲ. ಕೆಳಗಿನ ದರ್ಜೆಗೆ ಇಳಿಯುವ ಭಯವೇ ಇಲ್ಲದ್ದರಿಂದ, ಎರಡನೇ ದರ್ಜೆಯ ಐ-ಲೀಗ್ ಗೆದ್ದು ಮೇಲೆ ಬಂದ ಮೊಹಮ್ಮದನ್ ಸ್ಪೋರ್ಟಿಂಗ್ ಕೊನೇ ಸ್ಥಾನದಲ್ಲಿ ನಿಂತರೂ ಅದರ ಕೊನೇ ವಾರಗಳ ಆಟಕ್ಕೆ ಖಾರವಿರಲಿಲ್ಲ.

ಅಂಕಪಟ್ಟಿ ಓದುವಾಗ ಬಹಳ ಜನ ಎಡವುವ ಜಾಗ ಇನ್ನೊಂದಿದೆ. ಬೆಂಗಳೂರು, ನಾರ್ತ್‌ಈಸ್ಟ್ ಯುನೈಟೆಡ್, ಜಮ್‌ಷೆಡ್‌ಪುರ ಮೂರೂ 38 ಅಂಕಕ್ಕೆ ನಿಂತವು. ನಾರ್ತ್‌ಈಸ್ಟಿನ ಗೋಲು ವ್ಯತ್ಯಾಸ 17, ಬೆಂಗಳೂರಿನದು 9. ಆದರೂ ಬೆಂಗಳೂರು ಮೂರನೇ ಸ್ಥಾನ ಪಡೆಯಿತು. ಕಾರಣ, ಇಂಗ್ಲೆಂಡಿನ ಲೀಗ್ ನೋಡಿ ಅಭ್ಯಾಸವಾದವರು ಎಣಿಸುವಂತೆ ಇಲ್ಲಿ ಮೊದಲು ನೋಡುವುದು ಗೋಲು ವ್ಯತ್ಯಾಸವಲ್ಲ; ಸಮ ಅಂಕದ ತಂಡಗಳು ತಮ್ಮ ನಡುವೆ ಆಡಿದ ಪಂದ್ಯಗಳ ಫಲಿತಾಂಶ. ಡಿಸೆಂಬರಿನಿಂದಲೇ ಅಕ್ಕಪಕ್ಕದ ತಂಡಗಳ ಪರಸ್ಪರ ಫಲಿತಾಂಶವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮಾರ್ಚ್‌ನಲ್ಲಿ ಯಾವ ಆ್ಯಪ್‌ನ ಲೆಕ್ಕವನ್ನೂ ನಂಬಬೇಕಾಗಿಲ್ಲ.

ಇನ್ನು ಆಟದ ಗುಣಮಟ್ಟ. ಒಂದು ತಂಡ ಗರಿಷ್ಠ 6 ವಿದೇಶಿ ಆಟಗಾರರನ್ನು ಇಟ್ಟುಕೊಳ್ಳಬಹುದು, ಅಂಗಳದಲ್ಲಿ ಒಂದೇ ಹೊತ್ತಿಗೆ 4 ಮಂದಿ. ಲೀಗಿನ ಎಲ್ಲ ಬಲ, ಎಲ್ಲ ದೌರ್ಬಲ್ಯ ಈ ನಾಲ್ಕು ಕುರ್ಚಿಗಳನ್ನು ಎಲ್ಲಿ ಹಾಕುತ್ತಾರೆ ಅನ್ನುವುದರಲ್ಲಿದೆ. ಬೆಂಗಳೂರಿನ ಆರು: ಹಿಂದೆ ಯೊವಾನೋವಿಚ್, ನಡುವೆ ಪೆದ್ರೊ ಕಾಪೊ ಮತ್ತು ನೊಗುವೆರಾ, ಮುಂದೆ ಮೆಂಡೆಸ್, ಪೆರೇರಾ ಡಿಯಾಸ್, ರಯಾನ್ ವಿಲಿಯಮ್ಸ್. ಎಲ್ಲ ತಂಡಗಳೂ ಹೆಚ್ಚುಕಡಿಮೆ ಹೀಗೇ, ಮುಂದಕ್ಕೆ ವಾಲಿದ ಲೆಕ್ಕ. ಪರಿಣಾಮ ಎರಡು. ಗೋಲು ಹೊಡೆದವರ ಪಟ್ಟಿಯಲ್ಲಿ ಹೊರಗಿನವರು ತುಂಬುತ್ತಾರೆ. ನಾರ್ತ್‌ಈಸ್ಟಿನ ಮೊರಾಕ್ಕೊ ಆಟಗಾರ ಅಲಾಎದ್ದೀನ್ ಅಜರಾಯ್ 23 ಗೋಲು ಹೊಡೆದು ಸೀಸನ್ನಿನ ದಾಖಲೆಯನ್ನೇ ಬದಲಿಸಿದರು. ಭಾರತೀಯ ಸ್ಟ್ರೈಕರ್‌ಗಳಿಗೆ ಉಳಿಯುವುದು ಕೊನೇ ಇಪ್ಪತ್ತು ನಿಮಿಷ.

ಆ ಕೊನೇ ಇಪ್ಪತ್ತು ನಿಮಿಷವನ್ನು ಹೇಗೆ ಬಳಸಬೇಕೆಂದು ಈ ಸೀಸನ್ನಿನಲ್ಲಿ ತೋರಿಸಿದ್ದು ಸುನಿಲ್ ಛೆಟ್ರಿ. 40ರ ವಯಸ್ಸು, ಅನೇಕ ಪಂದ್ಯಗಳಲ್ಲಿ ಬೆಂಚಿನಿಂದ ಎದ್ದು ಬಂದದ್ದು, ಒಟ್ಟು 14 ಗೋಲು. ಭಾರತೀಯರಲ್ಲಿ ಎಲ್ಲರಿಗಿಂತ ಹೆಚ್ಚು. ಸೆಪ್ಟೆಂಬರ್ 28ರಂದು ಮೋಹನ್ ಬಗಾನ್ ವಿರುದ್ಧದ 3-0 ಗೆಲುವಿನಲ್ಲಿ ನೈಜೀರಿಯಾದ ಸ್ಟ್ರೈಕರ್ ಒಗ್ಬೆಚೆಯ 63 ಗೋಲುಗಳ ಐಎಸ್‌ಎಲ್ ದಾಖಲೆ ದಾಟಿದರು. ಡಿಸೆಂಬರ್ 7ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್. ಇದನ್ನು ಅಭಿಮಾನದಿಂದ ನೋಡಬಹುದು, ಚಿಂತೆಯಿಂದಲೂ ನೋಡಬಹುದು: ಈ ಪಟ್ಟಿಯ ಭಾರತೀಯ ಮುಂದಾಳು ನಲವತ್ತರವರು ಅಂದರೆ ಇಪ್ಪತ್ತೈದರವರು ಎಲ್ಲಿದ್ದಾರೆ? ಈಸ್ಟ್ ಬೆಂಗಾಲ್ ವಿರುದ್ಧದ ಮೊದಲ ಪಂದ್ಯದ ಏಕೈಕ ಗೋಲು ಹೊಡೆದ ವಿನೀತ್ ವೆಂಕಟೇಶ್‌ನಂಥ ಎಳೆಯರಿಗೆ ಹೆಚ್ಚು ನಿಮಿಷ ಕೊಡುವ ತಂಡಗಳು ಬೆರಳೆಣಿಕೆ.

ಕಪ್ಪಿನ ಹದಿನೈದು ದಿನಗಳ ಬಗ್ಗೆ ಎಷ್ಟು ಗೊಣಗಿದರೂ, ದುಡ್ಡು ವಸೂಲಾದದ್ದು ಅಲ್ಲೇ. 2-0ಯಿಂದ ಗೆದ್ದು ಹೋಗಿದ್ದ ಮುಂಬೈ 18 ದಿನಗಳ ನಂತರ ಅದೇ ಕಂಠೀರವದಲ್ಲಿ 5-0ಯಿಂದ ಮಗುಚಿತು. ಸೆಮಿಫೈನಲ್‌ನಲ್ಲಿ ಗೋವಾ ಮೇಲೆ ತವರಿನಲ್ಲಿ ಬೆಂಗಳೂರಿಗೆ 2-0 ಗೆಲುವು. ಫತೋರ್ಡಾದಲ್ಲಿ ಗೋವಾ ಆ ಎರಡನ್ನೂ ತೀರಿಸಿ ಪಂದ್ಯ ಹೆಚ್ಚುವರಿ ಅವಧಿಗೆ ಹೊರಟಿದ್ದಾಗ 92ನೇ ನಿಮಿಷದಲ್ಲಿ ಛೆಟ್ರಿಯ ತಲೆ. ಒಟ್ಟು 3-2. ಕೋಲ್ಕತ್ತದ ಸಾಲ್ಟ್ ಲೇಕ್‌ನ ಫೈನಲ್‌ನಲ್ಲಿ ವಿಲಿಯಮ್ಸ್ ಕ್ರಾಸ್‌ಗೆ ಕಾಲು ಕೊಟ್ಟ ಬಗಾನ್‌ನ ಆಲ್ಬೆರ್ಟೊ ರೊಡ್ರಿಗೆಸ್ ಸ್ವಂತ ಗೋಲಿಗೇ ಚೆಂಡು ತೂರಿಸಿ 49ನೇ ನಿಮಿಷಕ್ಕೆ ಬೆಂಗಳೂರು ಮುಂದೆ, 72ರಲ್ಲಿ ಪೆನಾಲ್ಟಿ ಪ್ರದೇಶದೊಳಗೆ ಬೆಂಗಳೂರಿನ ಚಿಂಗ್ಲೆನ್‌ಸಾನಾ ಕೈಗೆ ಚೆಂಡು ತಾಗಿ ಬಗಾನ್‌ನ ಕಮಿಂಗ್ಸ್ ಪೆನಾಲ್ಟಿ ಗೋಲು, 96ರಲ್ಲಿ ಮೆಕ್‌ಲಾರೆನ್ ಗೋಲು. 1-2. ಲೀಗ್ ಪಟ್ಟಿಯಲ್ಲಿ ಬಗಾನ್‌ಗಿಂತ 18 ಅಂಕ ಹಿಂದಿದ್ದ ತಂಡ ಹೆಚ್ಚುವರಿ ಅವಧಿಯವರೆಗೂ ಪಟ್ಟು ಬಿಡಲಿಲ್ಲ. ಪ್ಲೇಆಫ್ ಪದ್ಧತಿಯ ರುಚಿಯೂ ಅನ್ಯಾಯವೂ ಆ 18 ಅಂಕದಲ್ಲೇ ಇದೆ.

ಫೈನಲ್‌ಗೂ ವಿಡಿಯೊ ರೆಫರಿ ಇರಲಿಲ್ಲ ಅನ್ನುವುದು ಗಮನಿಸಬೇಕಾದ ಕೊರತೆ. ಆಫ್‌ಸೈಡ್, ಹ್ಯಾಂಡ್‌ಬಾಲ್, ಗೆರೆ ದಾಟಿದ ಚೆಂಡು, ಎಲ್ಲಕ್ಕೂ ಮನುಷ್ಯರ ಕಣ್ಣೇ ಗತಿ. ಟಿವಿಯಲ್ಲಿ ಮರುನೋಟ ಹತ್ತು ಸಲ ತೋರಿಸುತ್ತಾರೆ, ರೆಫರಿಗೆ ಮಾತ್ರ ಒಂದು ಸಲವೂ ಇಲ್ಲ. ಅದಕ್ಕೇ ಮೈದಾನದಲ್ಲಿ ಕೂತವರಿಗಿಂತ ಮನೆಯಲ್ಲಿ ಕೂತವರ ರಕ್ತದೊತ್ತಡ ಹೆಚ್ಚು.

ಕಂಠೀರವದಲ್ಲಿ ಬಳಸುವವರಿಗೆ ಕೆಲವು ಮಾತು. ಇದು ಅಥ್ಲೆಟಿಕ್ಸ್‌ಗೂ ಕಟ್ಟಿದ ಕ್ರೀಡಾಂಗಣ. ಓಟದ ಪಥ ಸುತ್ತುವರಿದಿರುವುದರಿಂದ ಕುರ್ಚಿಗೂ ಅಂಗಳಕ್ಕೂ ದೂರ. ಗೋಲಿನ ಹಿಂದಿನ ಕೆಳ ಸಾಲು ತೆಗೆದುಕೊಂಡರೆ ಎದುರು ತುದಿಯಲ್ಲಿ ನಡೆಯುವುದು ಬರೀ ಊಹೆ. ಉದ್ದದ ಬದಿಯಲ್ಲಿ, ಸಾಲು ಎತ್ತರವಿದ್ದಷ್ಟೂ ಒಳ್ಳೆಯದು: ತಂಡದ ಆಕಾರ, ಹಿಂದಿನ ನಾಲ್ವರ ಗೆರೆ ಮೇಲೇರುವುದು, ಖಾಲಿ ಜಾಗ ತೆರೆಯುವುದು ಅಲ್ಲಿಂದಲೇ ಕಾಣುವುದು. ಹಾಡು, ಡ್ರಮ್ಮು, ತೊಂಬತ್ತು ನಿಮಿಷ ನಿಲ್ಲುವುದು ಬೇಕಿದ್ದರೆ ಬೆಂಗಳೂರು ತಂಡದ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್ ಇರುವ ಕಡೆ. ಮಕ್ಕಳು, ಹಿರಿಯರು ಜೊತೆಗಿದ್ದರೆ ಅದರ ಎದುರು ಬದಿ. ಬ್ಯಾಗು, ನೀರಿನ ಬಾಟಲಿ, ಪವರ್‌ಬ್ಯಾಂಕ್, ಹೆಲ್ಮೆಟ್ ಗೇಟಿನಲ್ಲಿ ತಡೆಯುತ್ತಾರೆ. ಆದ್ದರಿಂದ ಬೈಕಿಗಿಂತ ಮೆಟ್ರೊ ವಾಸಿ. ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ನಿಲ್ದಾಣದಿಂದ ನಡೆದೇ ಹೋಗಬಹುದು. 7.30ರ ಪಂದ್ಯ 9.30ರ ಹೊತ್ತಿಗೆ ಮುಗಿಯುತ್ತದೆ. ನಾಕೌಟ್ ಪಂದ್ಯವಾದರೆ ಹೆಚ್ಚುವರಿ 30 ನಿಮಿಷ, ಪೆನಾಲ್ಟಿ ಸೇರಿಸಿ 10.20ರವರೆಗೆ ಲೆಕ್ಕವಿಟ್ಟು ಊಟದ ವ್ಯವಸ್ಥೆ ಮಾಡಿಕೊಳ್ಳಿ. ಹಿಂತಿರುಗುವ ಮೆಟ್ರೊ ಟಿಕೆಟ್ಟು ಮೊದಲೇ ಫೋನಿನಲ್ಲಿರಲಿ. ಸಾವಿರಾರು ಜನ ಒಟ್ಟಿಗೆ ಇಳಿದು ಬರುವಾಗ ಕೌಂಟರ್ ಸಾಲಿನಲ್ಲಿ ನಿಂತರೆ ಕೆಟ್ಟಿರಿ.

ಪ್ರಸಾರ ನೆಟ್ಟಗಿತ್ತು. ಒಂದೇ ಕಿರಿಕಿರಿಯೆಂದರೆ ಸೀಸನ್ನಿನ ನಡುವೆ, ಫೆಬ್ರವರಿಯಲ್ಲಿ ಜಿಯೊಸಿನಿಮಾ ಹೋಗಿ ಜಿಯೊಹಾಟ್‌ಸ್ಟಾರ್ ಆದದ್ದು. ಆ್ಯಪ್‌ನಲ್ಲಿ ನೋಡುವವರು ಪಂದ್ಯದ ಹೊತ್ತಿಗೆ ಗೋಲಿನ ನೋಟಿಫಿಕೇಷನ್ ಆಫ್ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಚೆಂಡು ಇನ್ನೂ ಮಧ್ಯದಲ್ಲಿರುವಾಗಲೇ ಫೋನು ಫಲಿತಾಂಶ ಹೇಳಿಬಿಡುತ್ತದೆ.

ವೇಳಾಪಟ್ಟಿಗೆ 2 ಅಂಕ ಯಾಕೆಂದರೆ, ಆರಂಭದಲ್ಲಿ ಪ್ರಕಟವಾದದ್ದು ಡಿಸೆಂಬರ್ ಕೊನೆಯವರೆಗಿನ 84 ಪಂದ್ಯ ಮಾತ್ರ. ಅಂದರೆ ಜನವರಿಯ ನಂತರದ ಗೋವಾ ಪ್ರವಾಸಕ್ಕೆ ರೈಲು ಟಿಕೆಟ್ ಕಾಯ್ದಿರಿಸಲು ಕಾಯಬೇಕು. ಪಟ್ಟಿ ಬರುವಷ್ಟರಲ್ಲಿ ವೇಟಿಂಗ್ ಲಿಸ್ಟ್ ಬೆಳೆದಿರುತ್ತದೆ. ಮೇಲಿಂದ ಅಕ್ಟೋಬರ್, ನವೆಂಬರ್, ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ಪಂದ್ಯಗಳಿಗೆಂದು ವಿರಾಮ. ಲಯ ಸಿಕ್ಕಿತು ಅನ್ನುವಾಗ ಬ್ರೇಕು.

ವಾರಂಟಿ ವಿಷಯ ಸೀಸನ್ ಮುಗಿದ ಮೇಲೆ ಬಯಲಾಯಿತು. ಭಾರತೀಯ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ಐಎಂಜಿ-ರಿಲಯನ್ಸ್ ಜೊತೆ ಮಾಡಿಕೊಂಡು, ಆಮೇಲೆ ಲೀಗ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ಕಂಪನಿಯ ಕೈಗೆ ಬಂದದ್ದು 15 ವರ್ಷದ ಒಪ್ಪಂದ, ಕೊನೇ ವರ್ಷಗಳಲ್ಲಿ ವರ್ಷಕ್ಕೆ 50 ಕೋಟಿ. ಅದು 2025ರ ಡಿಸೆಂಬರಿಗೆ ಮುಗಿಯುವುದಿತ್ತು. ಸೀಸನ್ ನಡೆಯುವುದು ಸೆಪ್ಟೆಂಬರಿನಿಂದ ಏಪ್ರಿಲ್‌ಗೆ, ಒಪ್ಪಂದ ನಡುವೆಯೇ ಸಾಯುತ್ತದೆ. ಮೂರನೇ ಒಂದು ಭಾಗಕ್ಕೆ ಮಾತ್ರ ಹಕ್ಕಿದ್ದರೆ ಪ್ರಾಯೋಜಕರನ್ನು, ಪ್ರಸಾರಕರನ್ನು ಹೇಗೆ ಹಿಡಿಯುವುದು? ಜುಲೈ 11ರಂದು ಮುಂದಿನ ಸೀಸನ್ ತಡೆಹಿಡಿದಿದ್ದೇವೆಂದು ಎಫ್‌ಎಸ್‌ಡಿಎಲ್‌ನಿಂದ ಪತ್ರ ಬಂತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ನಿಲ್ಲಿಸಿತು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಲೀಗಿನ ವಾಣಿಜ್ಯ ಹಕ್ಕಿನ ಟೆಂಡರ್‌ಗೆ ಒಬ್ಬರೂ ಬಿಡ್ ಹಾಕಲಿಲ್ಲ. ಒಪ್ಪಂದ ಮುಗಿಯುವ ದಿನ ಹದಿನೈದು ವರ್ಷದಿಂದ ಗೊತ್ತಿದ್ದದ್ದೇ. ಮಳೆ ಬಂದಮೇಲೆ ಹಂಚು ಹುಡುಕಿದ ಕಥೆ.

ಕೊನೆಗೆ ಹೊಸ ಸೀಸನ್‌ನ ಆರಂಭ ನಿಗದಿಯಾದದ್ದು 2026ರ ಫೆಬ್ರವರಿ 14ಕ್ಕೆ: 14 ತಂಡ, ಒಂದೇ ಸುತ್ತು, 91 ಪಂದ್ಯ. ಸೀಸನ್ ಟಿಕೆಟ್ ಕೊಳ್ಳುವವರು ಇಲ್ಲಿ ಲೆಕ್ಕ ಹಾಕಬೇಕು. 2024-25ರಲ್ಲಿ ಒಂದು ತಂಡಕ್ಕೆ 12 ತವರು ಪಂದ್ಯ ಸಿಗುತ್ತಿತ್ತು. ಒಂದೇ ಸುತ್ತಿನಲ್ಲಿ ತಲಾ 13 ಪಂದ್ಯ, ಅಂದರೆ ಸರಿಯಾಗಿ ಹಂಚಿದರೂ ತವರಿನಲ್ಲಿ 6 ಅಥವಾ 7. ಕೊಚ್ಚಿ, ಗೋವಾ, ಚೆನ್ನೈ ತಂಡಗಳಲ್ಲಿ ಯಾವುದು ಬೆಂಗಳೂರಿಗೆ ಬರುತ್ತದೆ, ಯಾವುದಕ್ಕೆ ನಾವೇ ಹೋಗಬೇಕು ಅನ್ನುವುದನ್ನು ನೋಡಿ, ಪಂದ್ಯವೊಂದಕ್ಕೆ ಎಷ್ಟು ಬಿತ್ತೆಂದು ಭಾಗಿಸಿ, ಆಮೇಲೆ ಜೇಬಿಗೆ ಕೈಹಾಕಿ.