‘ನಿಮ್ಮ ಪ್ರಿಂಟರ್‌ಗೇ ಮಾಡಿದ ಪ್ರೊಫೈಲ್’ ಅಂತ ದುಡ್ಡು ಕೊಡುವ ಮೊದಲು ಇದನ್ನು ಓದಿ

ಪ್ರಿಂಟರ್ ಇಂಕ್, ಪೇಪರ್, ಜೊತೆಗೊಂದು ಬಣ್ಣದ ಪ್ರೊಫೈಲ್ ಅಂತ 4,200 ರೂಪಾಯಿ ಹೋಯಿತು. ಹೋಗಲಿ. ಮೂರು ವಾರ ನನ್ನ ಮಾನಿಟರ್ ಮೇಲೆ, ನನ್ನ ಕಣ್ಣಿನ ಮೇಲೆ, ಮನೆಯ ಟ್ಯೂಬ್‌ಲೈಟ್ ಮೇಲೆ ಅನುಮಾನ ಪಟ್ಟೆನಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತಿದೆ. ಮಾರಿದವರ ಹೆಸರು ಹಾಕಲ್ಲ, ದಯವಿಟ್ಟು ಕೇಳಬೇಡಿ. ಇದೇ ಆಟ ಆಡುವವರು ಅವರೊಬ್ಬರೇ ಇರಲಾರರು.

ನನ್ನದು ಎಪ್ಸನ್ ಎಲ್805. ಆರು ಬಣ್ಣದ್ದು, ತಿಳಿ ಸಯಾನ್, ತಿಳಿ ಮೆಜೆಂಟಾ ಎರಡೂ ಇವೆ. ಪ್ರಿಂಟರ್ ಮೇಲೆ ನನಗೆ ಒಂದು ದೂರೂ ಇಲ್ಲ. ಕಂಪನಿ ಇಂಕ್, ಕಂಪನಿ ಗ್ಲಾಸಿ ಪೇಪರ್ ಹಾಕಿ ಬಣ್ಣದ ಕೆಲಸ ಡ್ರೈವರ್‌ಗೇ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಬಿಟ್ಟರೂ ಚೆನ್ನಾಗಿ ಬರುತ್ತಿತ್ತು. ಅಪ್ಪನ ಅರವತ್ತರ ಶಾಂತಿ ಆಯಿತು. ನೆಂಟರಿಗೆಲ್ಲ ಫೋಟೋ ಕೊಡಬೇಕು, ಪ್ರಿಂಟ್ ಜಾಸ್ತಿ, ಸ್ವಲ್ಪ ಉಳಿಸೋಣ ಅಂತ ಕಂಪ್ಯಾಟಿಬಲ್ ಇಂಕ್, ಅಂದರೆ ಬೇರೆಯವರು ಮಾಡಿದ ಅಗ್ಗದ ಇಂಕ್, ಹುಡುಕಿದೆ. ದುರಾಸೆ ಅನ್ನಿ, ಬೇಜಾರಿಲ್ಲ.

ಆನ್‌ಲೈನ್‌ನಲ್ಲಿ ಸಿಕ್ಕವರು ಇಂಕ್ ಸೆಟ್‌ಗೆ 1,500, ಎರಡು ಕಟ್ಟು ಪೇಪರ್‌ಗೆ 900 ಹೇಳಿದರು. ಜೊತೆಗೆ 1,800ಕ್ಕೆ ‘ನಿಮ್ಮ ಪ್ರಿಂಟರ್‌ಗೇ ಅಂತ ಅಳತೆ ಮಾಡಿದ ಐಸಿಸಿ ಪ್ರೊಫೈಲ್’. ನನಗೆ ಈ ಮಾತು ಇಷ್ಟವಾಯಿತು. ಯಾಕಂದ್ರೆ ಪ್ರೊಫೈಲ್ ಅನ್ನೋದು ಕಾಗದದ ಮೇಲೆ ಯಾವ ಬಣ್ಣ ಹೇಗೆ ಬರುತ್ತೆ ಅಂತ ಫೋಟೋಶಾಪ್‌ನಂಥ ಸಾಫ್ಟ್‌ವೇರ್‌ಗೆ ಹೇಳುವ ಫೈಲ್; ಅದು ಪ್ರಿಂಟರ್, ಇಂಕ್, ಪೇಪರ್ ಮೂರೂ ಸೇರಿದ ಒಂದು ಜೋಡಣೆಯದು. ಮೂರರಲ್ಲಿ ಒಂದು ಬದಲಾದರೂ ಹಳೆಯದು ಹೊಂದಲ್ಲ. ಇಂಕ್ ಬದಲಾಯಿಸುವವನಿಗೆ ಹೊಸ ಪ್ರೊಫೈಲ್ ಬೇಕೇ ಬೇಕು ಅಂತ ನಾನೇ ಹತ್ತು ಜನಕ್ಕೆ ಉಪದೇಶ ಮಾಡಿದವನು.

ಮಾಡಿಸುವ ಕ್ರಮ ಹೀಗೆ: ಅವರ ಚಾರ್ಟನ್ನು ನಮ್ಮ ಪ್ರಿಂಟರ್‌ನಲ್ಲಿ ತೆಗೆದು ಕಳಿಸಬೇಕು, ಅವರು ಅದರ ಬಣ್ಣಗಳನ್ನು ಉಪಕರಣದಲ್ಲಿ ಅಳೆದು ಪ್ರೊಫೈಲ್ ಮಾಡಬೇಕು. ಅವರು ಚಾರ್ಟ್ ಕಳಿಸಿದರು, ಎರಡು ಎ4 ಹಾಳೆ, 918 ಬಣ್ಣದ ಚೌಕ. ಕಲರ್ ಮ್ಯಾನೇಜ್‌ಮೆಂಟ್ (ಸಾಫ್ಟ್‌ವೇರ್ ಬಣ್ಣ ತಿದ್ದುವುದು) ಪೂರ್ತಿ ಆಫ್ ಆಗಿರಬೇಕು ಅಂತ ಅಡೋಬಿಯ ಕಲರ್ ಪ್ರಿಂಟರ್ ಯುಟಿಲಿಟಿ ಹುಡುಕಿ ಇಳಿಸಿಕೊಂಡು ಅದರಲ್ಲೇ ಪ್ರಿಂಟ್ ಮಾಡಿದೆ. ಒಂದು ದಿನ ಒಣಗಲು ಬಿಟ್ಟೆ. ನಡುವೆ ಬೆಣ್ಣೆ ಕಾಗದ ಇಟ್ಟೆ. ಮಡಚಬಾರದು ಅಂತ ರಟ್ಟು ಹಾಕಿ ಬುಧವಾರ ಕೊರಿಯರ್ ಮಾಡಿದೆ. ಶುಕ್ರವಾರ ಮಧ್ಯಾಹ್ನ ಮೇಲ್‌ನಲ್ಲಿ ಪ್ರೊಫೈಲ್ ಬಂತು. ಎಷ್ಟು ಬೇಗ! ಪ್ರಿಂಟ್ ತೆಗೆದು ನೋಡುವ ಮೊದಲೇ ಐದು ಸ್ಟಾರ್ ಕೊಟ್ಟು ‘ಸೂಪರ್ ಫಾಸ್ಟ್ ಸರ್ವಿಸ್’ ಅಂತ ಬರೆದುಬಿಟ್ಟೆ. ಈ ಸಾಲು ಟೈಪ್ ಮಾಡುವಾಗಲೂ ಮುಖ ಬಿಸಿಯಾಗುತ್ತಿದೆ.

ಮೊದಲ ಪ್ರಿಂಟ್‌ನಲ್ಲಿ ಎಲ್ಲರ ಮುಖಕ್ಕೂ ಓಕುಳಿ ಎರಚಿದ ಹಾಗಿತ್ತು. ಫೋನ್ ಮಾಡಿದೆ. “ಸರ್, ಡ್ರೈವರ್‌ನಲ್ಲಿ ಕಲರ್ ಅಡ್ಜಸ್ಟ್‌ಮೆಂಟ್ ಆಫ್ ಮಾಡಿದೀರಾ?” ಅಂದರು. ಮಾಡಿರಲಿಲ್ಲ. ಫೋಟೋಶಾಪ್ ಒಂದು ಸಲ ಬಣ್ಣ ತಿದ್ದುತ್ತಿತ್ತು, ಅದರ ಮೇಲೆ ಡ್ರೈವರ್ ಇನ್ನೊಂದು ಸಲ. ಎಷ್ಟೋ ಜನರಿಗೆ ‘ಡಬಲ್ ಮ್ಯಾನೇಜ್‌ಮೆಂಟ್ ಆಗಬಾರದು ನೋಡ್ರಪ್ಪ’ ಅಂದವನು ಅದನ್ನೇ ಮಾಡಿದ್ದೆ. ತಪ್ಪು ನಂದೇ.

ಆಮೇಲೆ ಯೋಚಿಸಿದರೆ ನಾನು ಸಿಕ್ಕಿಬಿದ್ದದ್ದು ಅಲ್ಲೇ. ಒಂದು ಸಲ ಅವರು ಹೇಳಿದ್ದು ನಿಜವಾಯಿತಲ್ಲ, ಆಮೇಲೆ ಹೇಳಿದ್ದನ್ನೆಲ್ಲ ನಂಬಿದೆ.

ಸರಿ ಮಾಡಿದ ಮೇಲೆ ಓಕುಳಿ ಹೋಯಿತು, ಆದರೆ ಬಣ್ಣ ಸರಿಯಾಗಲಿಲ್ಲ. ಅಮ್ಮ ಉಟ್ಟಿದ್ದು ಇಳಕಲ್ ಸೀರೆ, ಕೆಂಪು ಸೆರಗು, ಅದರಲ್ಲಿ ಟೋಪ್ ತೆನೆ ವಿನ್ಯಾಸ. ಪ್ರಿಂಟ್ ಕೈಗೆ ಕೊಟ್ಟರೆ ಅಮ್ಮ, “ಇದ್ಯಾಕೋ ಬದನೀಕಾಯಿ ಬಣ್ಣ ಆಗೇತಿ?” ಅಂದಳು. ಅಜ್ಜನ ಕಪ್ಪುಬಿಳುಪು ಫೋಟೋ ತೆಗೆದು ನೋಡಿದೆ. ಕೋಟಿನ ನೆರಳಿನಲ್ಲಿ ನೇರಳೆ, ಹಿಂದಿನ ಗೋಡೆಯಲ್ಲಿ ಹಸಿರು. ಬೂದು ಬಣ್ಣ ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ ತಿರುಗಿತ್ತು. ಸ್ಲೈಡರ್ ಎಳೆದು ಸರಿ ಮಾಡೋಣ ಅಂದರೆ ಹಸಿರು ತೆಗೆದಷ್ಟೂ ನೇರಳೆ ಜಾಸ್ತಿ.

ಮತ್ತೆ ಫೋನ್. ಅವರ ಉತ್ತರಗಳು ಬಂದ ಕ್ರಮದಲ್ಲೇ ಇಲ್ಲಿವೆ.

“ಸರ್, ನಿಮ್ಮ ಮಾನಿಟರ್ ಕ್ಯಾಲಿಬ್ರೇಟ್ ಆಗಿಲ್ಲ.” 500 ರೂಪಾಯಿ ಬಾಡಿಗೆಗೆ ಕ್ಯಾಲಿಬ್ರೇಟರ್ (ಪರದೆಯ ಬಣ್ಣ ಅಳೆದು ಸರಿ ಮಾಡುವ ಸಾಧನ) ತಂದೆ. ಬ್ರೈಟ್‌ನೆಸ್ 100 ಕ್ಯಾಂಡೆಲಾಗೆ ಇಳಿಸಿದೆ. ಪ್ರಿಂಟ್ ಕಪ್ಪಾಗಿ ಬರುತ್ತೆ ಅಂದಿದ್ದರೆ ಈ ಮಾತಿಗೆ ಅರ್ಥವಿತ್ತು. ಮಾನಿಟರ್ ಹೇಗಿದ್ದರೂ ಬೂದು ಚೌಕ ಕಾಗದದ ಮೇಲೆ ಹಸಿರಾಗಲ್ಲ ಅಲ್ವಾ? ಆವತ್ತು ಹೊಳೆಯಲಿಲ್ಲ.

“ಸರ್, ಹೆಡ್ ಕ್ಲೀನ್ ಮಾಡಿ.” ಮೂರು ಸಲ ಮಾಡಿದೆ. ಇಂಕ್ ತೂತು ಕಟ್ಟಿದೆಯಾ ಅಂತ ತೋರಿಸುವ ನಾಝಲ್ ಚೆಕ್‌ನಲ್ಲಿ ಒಂದು ಗೆರೆಯೂ ತುಂಡಾಗಿರಲಿಲ್ಲ. ಸುಮ್ನೆ ಇಂಕ್ ದಂಡ.

“ಸರ್, ಪರ್ಸೆಪ್ಚುವಲ್ ಬೇಡ, ರಿಲೇಟಿವ್ ಹಾಕಿ.” ಹಾಕಿದೆ. (ಅವು ಪ್ರಿಂಟರ್‌ಗೆ ಬಾರದ ಬಣ್ಣಗಳನ್ನು ಹೊಂದಿಸುವ ಎರಡು ವಿಧಾನ.) ಬದನೆಕಾಯಿ ಹಾಗೇ ಇತ್ತು.

“ಸರ್, ಟ್ಯೂಬ್‌ಲೈಟಲ್ಲಿ ನೋಡ್ಬೇಡಿ, ಹಗಲು ಬೆಳಕಲ್ಲಿ ನೋಡಿ.” ಬೀರುವಿನಿಂದ ಆ ಸೀರೆಯನ್ನೇ ತೆಗೆದುಕೊಂಡು ಬೆಳಗ್ಗೆ ಹತ್ತು ಗಂಟೆಗೆ ತಾರಸಿಗೆ ಹೋದೆ. ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಪ್ರಿಂಟ್. ಪಕ್ಕದ ಮನೆಯವರು ಬಟ್ಟೆ ಒಣಗಿಸುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಬಿಸಿಲಲ್ಲಿ ಅದು ಇನ್ನೂ ಬದನೆಕಾಯಿ.

ಕೊನೆಗೆ, “ಸರ್, ಬೇರೆ ಎಲ್ಲಾ ಕಸ್ಟಮರ್ಸ್ ಹ್ಯಾಪಿ ಇದಾರೆ.”

ಒಂದು ಸುಳಿವು ಕಣ್ಣ ಮುಂದೆಯೇ ಇತ್ತು. ಅದೇ ಪ್ರೊಫೈಲ್ ಹಾಕಿ ಸಾಫ್ಟ್ ಪ್ರೂಫ್ (ಪ್ರಿಂಟ್ ಹೇಗೆ ಬರುತ್ತೆ ಅಂತ ಪರದೆಯಲ್ಲೇ ತೋರಿಸುವುದು) ನೋಡಿದಾಗ ಪರದೆಯ ಮೇಲೆ ಸೆರಗು ಚೆಂದದ ಕೆಂಪು. ನನ್ನ ಪ್ರಿಂಟರ್‌ನ ಅಳತೆ ನಿಜವಾಗಿ ಆ ಫೈಲ್‌ನಲ್ಲಿದ್ದಿದ್ದರೆ ಪರದೆಯಲ್ಲೂ ಕಾಗದದಲ್ಲೂ ಹೆಚ್ಚುಕಮ್ಮಿ ಒಂದೇ ಬಣ್ಣ ಕಾಣಬೇಕಿತ್ತು. ಒಂದು ಕೆಂಪು, ಇನ್ನೊಂದು ನೇರಳೆ ಅಂದರೆ ಆ ಫೈಲ್‌ಗೆ ನನ್ನ ಪ್ರಿಂಟರ್ ಪರಿಚಯವೇ ಇಲ್ಲ. ಇದು ಗೊತ್ತಿರುವ ವಿಷಯ. ಗೊತ್ತಿದ್ದೂ ತಾರಸಿಯಲ್ಲಿ ಸೀರೆ ಹಿಡಿದು ನಿಂತಿದ್ದೆ.

ಮ್ಯಾಕ್ ಇಟ್ಟುಕೊಂಡ ಗೆಳೆಯನ ಮನೆಗೆ ಹೋದಾಗ ಬಂಡವಾಳ ಹೊರಬಿತ್ತು. ಮ್ಯಾಕ್‌ನಲ್ಲಿ ಕಲರ್‌ಸಿಂಕ್ ಯುಟಿಲಿಟಿ ಇರುತ್ತದೆ, ಪ್ರೊಫೈಲ್ ಒಳಗೆ ಏನಿದೆ ಅಂತ ತೋರಿಸುತ್ತದೆ. ಫೈಲ್‌ನ ಹೆಸರು ನನ್ನ ಹೆಸರೇ, ಮುಂದೆ ‘ಎಲ್805 ಗ್ಲಾಸಿ’. ಅದು ಹೊರಗಿನ ಚೀಟಿ ಅಷ್ಟೆ. ಒಳಗಿನ ವಿವರಣೆಯಲ್ಲಿ ‘ಮ್ಯಾಟ್’ (ಹೊಳಪಿಲ್ಲದ ಪೇಪರ್) ಅಂತಿತ್ತು. ನಾನು ಕೊಂಡದ್ದು ಗ್ಲಾಸಿ. ಅದರ ಕೆಳಗೆ ‘ಕ್ರಿಯೇಟೆಡ್’ ಅನ್ನುವ ಸಾಲು. 2019ರ ನವೆಂಬರ್.

ನಾನು ಚಾರ್ಟ್ ಕಳಿಸಿದ್ದು ಕಳೆದ ತಿಂಗಳು.

ಗೆಳೆಯ ನಗಲಿಲ್ಲ, ಕಾಫಿ ತರಲು ಒಳಗೆ ಹೋದ. ನಾನು ಮೊಬೈಲ್ ತೆಗೆದು ಕೊರಿಯರ್ ಮೆಸೇಜ್ ಹುಡುಕಿದೆ. ಚಾರ್ಟ್ ಡೆಲಿವರಿ ಆಗಿದ್ದು ಶುಕ್ರವಾರ ಸಂಜೆ 5:10. ಪ್ರೊಫೈಲ್ ನನಗೆ ಬಂದದ್ದು ಅದೇ ಶುಕ್ರವಾರ ಮಧ್ಯಾಹ್ನ 12:40. ನನ್ನ ಹಾಳೆ ಅವರ ಬಾಗಿಲು ತಟ್ಟುವ ಮೊದಲೇ ‘ಅಳತೆ’ ಮುಗಿದಿತ್ತು! ದರ್ಜಿ ಟೇಪು ಕುತ್ತಿಗೆಗೆ ಹಾಕಿಕೊಂಡು ನಿಂತು ರೆಡಿಮೇಡ್ ಅಂಗಿ ಕೊಟ್ಟ. ನಾನು ಫಿಟಿಂಗ್ ಚೆನ್ನಾಗಿದೆ ಅಂದುಕೊಂಡು ಬಂದೆ.

ಸ್ಕ್ರೀನ್‌ಶಾಟ್ ಕಳಿಸಿದೆ. ಮೊದಲ ಉತ್ತರ, “ಸರ್, ನಮ್ಮ ಕಂಪ್ಯೂಟರ್ ಡೇಟ್ ತಪ್ಪಿರುತ್ತೆ.” ಹಾಗಾದರೆ ‘ಮ್ಯಾಟ್’ ಯಾಕೆ ಅಂದೆ. “ಅದು ಬೇಸ್ ಪ್ರೊಫೈಲ್ ಸರ್, ಅದರ ಮೇಲೆ ನಿಮಗೋಸ್ಕರ ಟ್ಯೂನ್ ಮಾಡಿದೀವಿ.” ಚಾರ್ಟ್ ಕೈಗೆ ಬರುವ ಮೊದಲೇ ಏನು ನೋಡಿ ಟ್ಯೂನ್ ಮಾಡಿದಿರಿ ಅಂದೆ. ಎರಡು ದಿನ ಮೌನ. ಅಳತೆಯ ಡೇಟಾ ಕಳಿಸಿ, ಇಲ್ಲಾಂದ್ರೆ ನನ್ನ ಹಾಳೆಗಳನ್ನಾದರೂ ವಾಪಸ್ ಕಳಿಸಿ ಅಂದೆ. “ಡೇಟಾ ಡಿಲೀಟ್ ಆಗುತ್ತೆ ಸರ್, ಹಾಳೆ ಡಿಸ್ಪೋಸ್ ಮಾಡ್ತೀವಿ, ಪಾಲಿಸಿ.” ದುಡ್ಡು ಕೇಳಿದೆ. “ಡಿಜಿಟಲ್ ಐಟಂಗೆ ರಿಫಂಡ್ ಇಲ್ಲ.”

ಫೋಟೋಗಳನ್ನು ಕೊನೆಗೆ ಸ್ಟುಡಿಯೋದಲ್ಲಿ ಹಾಕಿಸಿದೆ. ಟ್ಯಾಂಕಿನಲ್ಲಿ ಆ ಇಂಕ್ ಇನ್ನೂ ಅರ್ಧ ಇದೆ, ಮಗಳ ಶಾಲೆಯ ಚಾರ್ಟುಗಳಿಗೆ ಖರ್ಚಾಗುತ್ತಿದೆ.

ಮಾಡಿಸಲೇಬೇಕು ಅನ್ನುವವರು ದುಡ್ಡು ಕೊಡುವ ಮೊದಲೇ ಅಳತೆಯ ಡೇಟಾ ಫೈಲ್ ಕೊಡ್ತೀರಾ ಅಂತ ಕೇಳಿ. ತಡವರಿಸಿದರೆ ಬಿಟ್ಟುಬಿಡಿ. ಪ್ರೊಫೈಲ್ ಬಂದ ಕೂಡಲೇ ಒಳಗಿನ ತಾರೀಖು ನೋಡಿ, ಕೊರಿಯರ್ ತಾರೀಖಿನ ಪಕ್ಕ ಇಡಿ. ಮತ್ತೆ ಡ್ರೈವರ್‌ನಲ್ಲಿ ‘ನೋ ಕಲರ್ ಅಡ್ಜಸ್ಟ್‌ಮೆಂಟ್’ ಒತ್ತಲು ಮರೆಯಬೇಡಿ, ಅವರಿಗೆ ಮಾತಿಗೆ ಜಾಗ ಕೊಟ್ಟದ್ದು ಅದೇ. ಸ್ಟಾರ್ ಕೊಡುವುದು ಆಮೇಲೆ ನೋಡಿಕೊಳ್ಳಿ.

ನನ್ನ ಐದು ಸ್ಟಾರ್ ನೋಡಿ ಯಾರಾದರೂ ತೆಗೆದುಕೊಂಡಿದ್ದರೆ ಕ್ಷಮಿಸಿ. ನಿನ್ನೆ ಒಂದಕ್ಕೆ ಇಳಿಸಿ ನಡೆದದ್ದೆಲ್ಲ ಬರೆದೆ. ಹತ್ತು ನಿಮಿಷದಲ್ಲಿ ಕೆಳಗೆ ಅವರ ಉತ್ತರ ಬಂತು: “ಗ್ರಾಹಕರ ಮಾನಿಟರ್ ಸಮಸ್ಯೆ. ಬಗೆಹರಿಸಲಾಗಿದೆ.”